ಗಣಿತ ಬಾರದವರ ಗಣಿತ ತರಗತಿ: ‘ಆಗುವುದಿಲ್ಲ’ ಎಂದು ಹೇಳಲು ಎಷ್ಟು ಧೈರ್ಯ ಬೇಕು?

[ಪರದೆ: ಖಾಲಿ ಕಪ್ಪುಹಲಗೆ, ಒಂದು ತುಂಡು ಸೀಮೆಸುಣ್ಣ]

ನಮಸ್ಕಾರ. ಇತಿಹಾಸ ಓದುತ್ತಿರುವ ವೀಕ್ಷಕರೊಬ್ಬರು ಬರೆದು ಕೇಳಿದ ಪ್ರಶ್ನೆಯೊಂದು ವಾರದಿಂದ ನನ್ನನ್ನು ಬಿಟ್ಟಿಲ್ಲ. ಅವರ ಕಾಲೇಜಿನಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳದವರಿಗೆಂದೇ ಒಂದು ಗಣಿತದ ಕೋರ್ಸ್ ಇದೆಯಂತೆ. ಪಠ್ಯಕ್ರಮದಲ್ಲಿ ಸೇತುವೆಗಳಿವೆ, ಅನಂತವಿದೆ, ತರ್ಕವಿದೆ. ಲೆಕ್ಕ ಮಾತ್ರ ಎಲ್ಲಿಯೂ ಕಾಣುತ್ತಿಲ್ಲ. “ನನಗೆ ಮೊದಲೇ ಗಣಿತ ಬರುವುದಿಲ್ಲ. ಲೆಕ್ಕವೂ ಇಲ್ಲದ ಗಣಿತ ಕಟ್ಟಿಕೊಂಡು ನಾನೇನು ಮಾಡಲಿ?” ಎಂದು ಕೇಳಿದ್ದಾರೆ.

ಇಂಥ ಕೋರ್ಸುಗಳು ಎರಡು ಬಗೆಯವು. ಒಂದರಲ್ಲಿ ಬಡ್ಡಿ, ಶೇಕಡಾವಾರು, ಸರಾಸರಿ ಕಲಿಸುತ್ತಾರೆ. ಉಪಯೋಗಕ್ಕೆ ಬರುತ್ತದೆ, ನಿಜ, ಆದರೆ ಅದು ಶಾಲೆಯ ಗಣಿತವೇ ವೇಷ ಬದಲಿಸಿಕೊಂಡು ಬಂದಂತೆ. ಇನ್ನೊಂದು ಬಗೆಯಲ್ಲಿ ನಾಲ್ಕೈದು ದೊಡ್ಡ ಕಲ್ಪನೆಗಳನ್ನು ತೆಗೆದುಕೊಂಡು ಬುಡದವರೆಗೆ ಅಗೆಯುತ್ತಾರೆ. ನನ್ನ ಮತ ಎರಡನೆಯದಕ್ಕೆ. ಕಾರಣ ಪ್ರಶ್ನೆ ಕೇಳಿದವರ ಮಾತಿನಲ್ಲೇ ಇದೆ. “ನನಗೆ ಬರುವುದಿಲ್ಲ” ಎಂದರು. ಗಣಿತದಲ್ಲಿ “ಇದು ಯಾರಿಗೂ, ಎಂದಿಗೂ ಬರುವುದಿಲ್ಲ” ಎಂಬ ಬೇರೊಂದು ವಾಕ್ಯವಿದೆ. ಈ ಎರಡು ವಾಕ್ಯಗಳ ನಡುವೆ ಎಷ್ಟು ದೂರವಿದೆ ಎಂಬುದೇ ಇವತ್ತಿನ ವಿಷಯ.

[ಪರದೆ: ನದಿ, ನಡುವೆ ದ್ವೀಪ, ಏಳು ಸೇತುವೆಗಳು]

ಸೇತುವೆಗಳ ಕಥೆ ಅನೇಕರಿಗೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಕೋನಿಗ್ಸ್‌ಬರ್ಗ್ ಎಂಬ ಊರು, ಇಂದು ರಷ್ಯಾದ ಕಲಿನಿನ್‌ಗ್ರಾಡ್. ಪ್ರೆಗೆಲ್ ನದಿ ಊರನ್ನು ನಾಲ್ಕು ತುಂಡು ಮಾಡಿತ್ತು. ಅವನ್ನು ಏಳು ಸೇತುವೆಗಳು ಕೂಡಿಸುತ್ತಿದ್ದವು. ಪ್ರತಿ ಸೇತುವೆಯನ್ನೂ ಒಮ್ಮೆ, ಒಮ್ಮೆ ಮಾತ್ರ, ದಾಟುವಂತೆ ಊರು ಸುತ್ತಲು ಆಗುತ್ತದೆಯೇ? ಜನ ನಡೆದು ನೋಡಿದರು, ಆಗಲಿಲ್ಲ. 1735ರಲ್ಲಿ ಆಯ್ಲರ್ ಎಂಬ ಗಣಿತಜ್ಞರು ಒಂದು ಹೆಜ್ಜೆಯನ್ನೂ ನಡೆಯದೆ “ಆಗುವುದಿಲ್ಲ” ಎಂದು ಸಾಧಿಸಿದರು.

ಅವರ ವಾದ ಒಂದೇ ಉಸಿರಿನದು. ನಡುದಾರಿಯಲ್ಲಿ ಯಾವುದೇ ತುಂಡು ನೆಲಕ್ಕೆ ಹೋದರೂ ಒಂದು ಸೇತುವೆಯಿಂದ ಒಳಬಂದು ಇನ್ನೊಂದರಿಂದ ಹೊರಡಬೇಕು. ಹಾಗಾಗಿ ಅಲ್ಲಿನ ಸೇತುವೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಬೆಸ ಸಂಖ್ಯೆಯ ಸೇತುವೆಗಳಿರುವ ಜಾಗ ಹೊರಟ ಜಾಗವಾಗಿರಬೇಕು, ಇಲ್ಲವೇ ನಿಂತ ಜಾಗವಾಗಿರಬೇಕು. ಅಂಥವು ಎರಡಕ್ಕಿಂತ ಹೆಚ್ಚಿರುವಂತಿಲ್ಲ. ಕೋನಿಗ್ಸ್‌ಬರ್ಗಿನ ನಾಲ್ಕು ತುಂಡುಗಳಲ್ಲಿ ಸೇತುವೆಗಳ ಎಣಿಕೆ 5, 3, 3, 3. ನಾಲ್ಕೂ ಬೆಸ. ಮುಗಿಯಿತು.

ಇದಕ್ಕೂ ಗಣಿತಕ್ಕೂ ಹೆಚ್ಚಿನ ಸಂಬಂಧವಿಲ್ಲ ಎಂಬರ್ಥದಲ್ಲಿ ಆಯ್ಲರ್ ಅವರೇ ಒಂದು ಪತ್ರದಲ್ಲಿ ಬರೆದಿದ್ದರು. ಪಠ್ಯಕ್ರಮದಲ್ಲಿ ಲೆಕ್ಕವೆಲ್ಲಿ ಎಂದು ಕೇಳಿದ ನಮ್ಮ ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಿಕ್ಕಿಲ್ಲ! ಇನ್ನೊಂದು ಸಂಗತಿ: ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಆ ಏಳರಲ್ಲಿ ಎರಡು ಸೇತುವೆಗಳು ನಾಶವಾದವು. ಪ್ರಮೇಯಕ್ಕೆ ಮಾತ್ರ ಒಂದು ಗೀರೂ ಬೀಳಲಿಲ್ಲ. ಅದು ಹೇಳಿದ್ದು ಆ ಏಳು ಸೇತುವೆಗಳ ವಿನ್ಯಾಸದ ಬಗ್ಗೆ. ಊರು ಬದಲಾದರೆ ಅದೇ ವಾದಕ್ಕೆ ಹೊಸ ಎಣಿಕೆ ಕೊಟ್ಟರಾಯಿತು.

[ಪರದೆ: 4 ಮತ್ತು ಅದರ ಮುಂದೆ ಹದಿನೆಂಟು ಸೊನ್ನೆಗಳು]

ಹಾಗಾದರೆ ಸಾಕಷ್ಟು ಸಲ ಪ್ರಯತ್ನಿಸಿ ನೋಡುವುದು ಸಾಲದೇ? ಸಾಲದು. 2ಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ 2, 3, 5, 7ರಂಥವು) ಮೊತ್ತ ಎಂಬ ಊಹೆ 1742ರಿಂದ ಇದೆ. ಗೋಲ್ಡ್‌ಬಾಕ್ ಅವರ ಹೆಸರಿನದು. ಕಂಪ್ಯೂಟರುಗಳು ಈ ಪರದೆಯಲ್ಲಿರುವ ಸಂಖ್ಯೆಯವರೆಗೂ ಒಂದೂ ಬಿಡದೆ ಪರೀಕ್ಷಿಸಿವೆ, ಎಲ್ಲಿಯೂ ತಪ್ಪಿಲ್ಲ. ಬೇರೆ ಯಾವ ಕ್ಷೇತ್ರದಲ್ಲಾದರೂ ಇಷ್ಟು ಸಾಕ್ಷಿ ಸಿಕ್ಕಿದ್ದರೆ ಕಡತ ಮುಚ್ಚಿ ಮನೆಗೆ ಹೋಗುತ್ತಿದ್ದರು. ಗಣಿತದಲ್ಲಿ ಅದು ಇಂದಿಗೂ ಊಹೆಯೇ.

ಇದು ಬರೀ ಹಟವಲ್ಲ. 1919ರಲ್ಲಿ ಪೋಲ್ಯಾ ಎಂಬ ಗಣಿತಜ್ಞರು ಅವಿಭಾಜ್ಯ ಅಪವರ್ತನಗಳ ಎಣಿಕೆಯ ಬಗ್ಗೆ ಒಂದು ಊಹೆ ಮುಂದಿಟ್ಟರು. ಸಣ್ಣ ಸಂಖ್ಯೆಗಳಲ್ಲಿ ನೋಡಿದರೆ ಸರಿ, ಲಕ್ಷಗಳಲ್ಲಿ ಸರಿ, ಕೋಟಿಗಳಲ್ಲೂ ಸರಿ. ಅದು ಮೊದಲ ಸಲ ಮುಗ್ಗರಿಸುವುದು 90,61,50,257ರಲ್ಲಿ. ತೊಂಬತ್ತು ಕೋಟಿ ಸಲ ನಿಜ ನುಡಿದವನು ಒಮ್ಮೆ ಸುಳ್ಳಾಡಿದ ಹಾಗೆ. ನಿಜ ಹೇಳಬೇಕೆಂದರೆ, ಈ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ಅಹಂಕಾರಕ್ಕೆ ಒಳ್ಳೆಯ ಔಷಧ.

ಈಗ ನನ್ನ ಮೆಚ್ಚಿನ ಭಾಗಕ್ಕೆ ಬಂದೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ, ಕ್ಷಮಿಸಿ.

[ಪರದೆ: ಪರೀಕ್ಷಾ ಕೊಠಡಿ, ಕೊನೆಯೇ ಇಲ್ಲದ ಬೆಂಚುಗಳ ಸಾಲು]

ಒಂದು ಪರೀಕ್ಷೆ ಇದೆ. ಎಲ್ಲವೂ ‘ಸರಿ ಅಥವಾ ತಪ್ಪು’ ಪ್ರಶ್ನೆಗಳು. ಒಂದೇ ತೊಂದರೆಯೆಂದರೆ ಪ್ರಶ್ನೆಗಳಿಗೆ ಕೊನೆಯಿಲ್ಲ: 1, 2, 3 ಎಂದು ಹೋಗುತ್ತಲೇ ಇರುತ್ತವೆ. ಬರೆಯುವವರಿಗೂ ಕೊನೆಯಿಲ್ಲ, ಕ್ರಮಸಂಖ್ಯೆ 1, 2, 3 ಎಂದು ಅವರೂ ಸಾಲಾಗಿ ಕೂತಿದ್ದಾರೆ. ಎಲ್ಲರೂ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ಮುಗಿಸಿದ್ದಾರೆ ಎಂದುಕೊಳ್ಳಿ. ಮೇಲ್ವಿಚಾರಕರು ಎದೆಯುಬ್ಬಿಸಿ ಹೇಳುತ್ತಾರೆ: “ಈ ಕೊಠಡಿಯಲ್ಲಿ ಅನಂತ ಉತ್ತರ ಪತ್ರಿಕೆಗಳಿವೆ. ಬರೆಯಲು ಸಾಧ್ಯವಿರುವ ಪ್ರತಿಯೊಂದು ಉತ್ತರ ಪತ್ರಿಕೆಯೂ ಇಲ್ಲಿ ಯಾರದೋ ಬೆಂಚಿನ ಮೇಲೆ ಇದ್ದೇ ಇದೆ.”

ಅನಂತವಲ್ಲವೇ, ಇರಬಹುದು ಎನ್ನಿಸುತ್ತದೆ.

ಆಗ ತಡವಾಗಿ ಒಬ್ಬ ಬರುತ್ತಾನೆ. ಅವನಿಗೆ ಕರ್ಣ ಎಂದು ಹೆಸರಿಡೋಣ. ಈ ಹೆಸರು ಏಕೆ ಎಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಕರ್ಣನಿಗೆ ಒಂದು ಪ್ರಶ್ನೆಗೂ ಉತ್ತರ ಗೊತ್ತಿಲ್ಲ. ಅವನು ಉಳಿದವರ ಪತ್ರಿಕೆಗಳನ್ನು ಇಣುಕಿ ನೋಡುತ್ತಾನೆ, ಆದರೆ ನಕಲು ಮಾಡಲು ಅಲ್ಲ.

[ಪರದೆ: ಸಾಲುಗಳು ಒಂದೊಂದಾಗಿ ಮೂಡಲಿ]

1ನೇ ವಿದ್ಯಾರ್ಥಿ: ಸರಿ, ಸರಿ, ತಪ್ಪು, ಸರಿ, ತಪ್ಪು…
2ನೇ ವಿದ್ಯಾರ್ಥಿ: ತಪ್ಪು, ತಪ್ಪು, ಸರಿ, ತಪ್ಪು, ಸರಿ…
3ನೇ ವಿದ್ಯಾರ್ಥಿ: ಸರಿ, ಸರಿ, ಸರಿ, ಸರಿ, ಸರಿ… (ಆಶಾವಾದಿ)
4ನೇ ವಿದ್ಯಾರ್ಥಿ: ತಪ್ಪು, ಸರಿ, ತಪ್ಪು, ತಪ್ಪು, ಸರಿ…
5ನೇ ವಿದ್ಯಾರ್ಥಿ: ತಪ್ಪು, ತಪ್ಪು, ತಪ್ಪು, ತಪ್ಪು, ತಪ್ಪು…

ಕರ್ಣ ಮೊದಲನೆಯವನ ಮೊದಲ ಉತ್ತರ ನೋಡುತ್ತಾನೆ: ಸರಿ. ತಾನು ‘ತಪ್ಪು’ ಎಂದು ಬರೆಯುತ್ತಾನೆ. ಎರಡನೆಯವನ ಎರಡನೇ ಉತ್ತರ: ತಪ್ಪು. ತನ್ನದು ‘ಸರಿ’. ಮೂರನೆಯವನ ಮೂರನೆಯದು: ಸರಿ. ತನ್ನದು ‘ತಪ್ಪು’. ನಾಲ್ಕನೆಯದಕ್ಕೆ ‘ಸರಿ’, ಐದನೆಯದಕ್ಕೂ ‘ಸರಿ’. ಹೀಗೇ ಮುಂದೆ.

[ಪರದೆ: ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲಕ್ಕೆ ಓರೆಯಾಗಿ ಕೆಂಪು ಗೆರೆ]

ಅವನ ಕಣ್ಣು ಓಡಿದ ದಾರಿ ನೋಡಿ. ಮೂಲೆಯಿಂದ ಮೂಲೆಗೆ, ಓರೆಯಾಗಿ. ರೇಖಾಗಣಿತದಲ್ಲಿ ಇದಕ್ಕೆ ಕರ್ಣ ಎನ್ನುತ್ತೇವೆ. ಮಹಾಭಾರತದ ಕರ್ಣನೂ ಕರೆಯದೆ ರಂಗಕ್ಕೆ ಬಂದು ಇಡೀ ಸಭೆಯ ಲೆಕ್ಕ ತಪ್ಪಿಸಿದವನೇ. ನಮ್ಮ ಭಾಷೆಯಲ್ಲಿ ಈ ಸಾಧನೆಗೆ, ಅಂದರೆ ಗಣಿತದ ರುಜುವಾತಿಗೆ, ಹೆಸರು ತಾನಾಗಿಯೇ ಕೂಡಿ ಬಂದಿದೆ.

ಈಗ ಕರ್ಣನ ಪತ್ರಿಕೆ: ತಪ್ಪು, ಸರಿ, ತಪ್ಪು, ಸರಿ, ಸರಿ. ಮೇಲ್ವಿಚಾರಕರು ಓಡಿ ಬರುತ್ತಾರೆ: “ಇದು 4ನೆಯವನ ಪತ್ರಿಕೆಯ ನಕಲು!” ನಿಜ, ಪಕ್ಕದಲ್ಲಿಟ್ಟರೆ ಮೊದಲನೆಯದು, ಎರಡನೆಯದು, ಮೂರನೆಯದು, ಐದನೆಯದು ಎಲ್ಲವೂ ಒಂದೇ. ಆದರೆ 4ನೇ ಪ್ರಶ್ನೆ ನೋಡಿ. ಅವನು ‘ತಪ್ಪು’ ಎಂದಿದ್ದಾನೆ, ಕರ್ಣ ‘ಸರಿ’ ಎಂದಿದ್ದಾನೆ. ಅಲ್ಲಿ ಬೇರೆಯಾಗಲೇಬೇಕು, ಏಕೆಂದರೆ ಕರ್ಣ ಬೇಕೆಂದೇ ಹಾಗೆ ಬರೆದದ್ದು.

“ಅನಂತವಲ್ಲವೇ, ಇನ್ನೂ ದೂರದ ಬೆಂಚಿನಲ್ಲಿ ಎಲ್ಲೋ ಇದ್ದೀತು” ಎನ್ನುತ್ತೀರಿ. ನಾನೂ ಮೊದಲ ಸಲ ಹಾಗೆಯೇ ಜಗಳವಾಡಿದ್ದೆ. ಎಲ್ಲೋ ಎಂದರೆ ಎಲ್ಲಿ? ಒಂದು ಕ್ರಮಸಂಖ್ಯೆ ಹೇಳಿ. 8,53,207ನೇ ಬೆಂಚು? ಸರಿ, ಆ ವಿದ್ಯಾರ್ಥಿಯ 8,53,207ನೇ ಉತ್ತರ ತೆಗೆಯಿರಿ. ಕರ್ಣನ ಉತ್ತರ ಅದಕ್ಕೆ ವಿರುದ್ಧ. ನೀವು ಯಾವ ಬೆಂಚು ತೋರಿಸಿದರೂ ಅಲ್ಲಿ ಅವನು ಕನಿಷ್ಠ ಒಂದು ಉತ್ತರದಲ್ಲಿ ಜಾರಿಕೊಳ್ಳುತ್ತಾನೆ.

“ಹಾಗಾದರೆ ಕರ್ಣನಿಗೂ ಒಂದು ಬೆಂಚು ಕೊಟ್ಟುಬಿಡಿ.” ಕೊಡೋಣ. ಎಲ್ಲರೂ ಒಂದೊಂದು ಬೆಂಚು ಹಿಂದೆ ಸರಿಯಲಿ, ಅವನು ಮೊದಲ ಬೆಂಚಿನಲ್ಲಿ ಕೂರಲಿ. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ತಡವಾಗಿ ಬಂದು ನಿಂತಿರುತ್ತಾನೆ.

ಹಾಗಾದರೆ ಕೊಠಡಿಯಲ್ಲಿರುವುದು ಒಂದು ಅನಂತ. ಬರೆಯಲು ಸಾಧ್ಯವಿರುವ ಪತ್ರಿಕೆಗಳದು ಅದಕ್ಕಿಂತ ದೊಡ್ಡ ಅನಂತ. ಎಲ್ಲ ಪತ್ರಿಕೆಗಳಿಗೂ 1, 2, 3 ಎಂದು ಕ್ರಮಸಂಖ್ಯೆ ಕೊಡಲು ಯಾರಿಗೂ ಆಗುವುದಿಲ್ಲ.

ಇದನ್ನು ಗೇಯಾರ್ಗ್ ಕ್ಯಾಂಟರ್ 1891ರಲ್ಲಿ ಕೆಲವೇ ಪುಟಗಳ ಲೇಖನವೊಂದರಲ್ಲಿ ಪ್ರಕಟಿಸಿದರು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ದಶಮಾಂಶ ಸಂಖ್ಯೆಗಳನ್ನಿಟ್ಟುಕೊಂಡು ವಿವರಿಸುತ್ತಾರೆ. ಆದರೆ ಆ ಲೇಖನದಲ್ಲಿ ಕ್ಯಾಂಟರ್ ಬಳಸಿದ್ದು ಎರಡೇ ಎರಡು ಅಕ್ಷರ, ಎಂ ಮತ್ತು ಡಬ್ಲ್ಯೂ. ನಮ್ಮ ಸರಿ ಮತ್ತು ತಪ್ಪುಗಳೇ! ಅಂದರೆ ನಾವು ಸರಳ ಮಾಡಿಕೊಂಡ ಆವೃತ್ತಿ ಮೂಲಕ್ಕೇ ಹೆಚ್ಚು ಹತ್ತಿರ. ಕೂಡಿಸುವುದು, ಕಳೆಯುವುದು ಏನೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕ್ಯಾಂಟರ್ ಖಿನ್ನತೆಯಿಂದ ನರಳಿದರು, 1918ರಲ್ಲಿ ಹಾಲೆ ನಗರದ ಚಿಕಿತ್ಸಾಲಯದಲ್ಲಿ ತೀರಿಕೊಂಡರು. ಅನಂತದ ಬಗ್ಗೆ ಯೋಚಿಸಿಯೇ ತಲೆ ಕೆಟ್ಟಿತು ಎಂದು ಈ ಕಥೆಗೆ ಮಸಾಲೆ ಅರೆಯುವವರಿದ್ದಾರೆ. ಕಾಯಿಲೆ ಕಾಯಿಲೆಯೇ. ಅದಕ್ಕೆ ಪ್ರಮೇಯವನ್ನು ಹೊಣೆ ಮಾಡುವುದು ನನಗೆ ಅಸಹ್ಯ.

[ಪರದೆ: ಗಡಿಯಾರ]

ಹೊತ್ತು ಮೀರುತ್ತಿದೆ. ಇನ್ನೂ ಮೂರು ವಿಷಯ ಇಟ್ಟುಕೊಂಡಿದ್ದೆ, ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತೇನೆ. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಮಾತ್ರ ಬಳಸಿ ಯಾವುದೇ ಕೋನವನ್ನು ಮೂರು ಸಮಭಾಗ ಮಾಡುವ ವಿಧಾನ ಇರಲಾರದು ಎಂದು 1837ರಲ್ಲಿ ವಾಂಟ್ಸೆಲ್ ಸಾಧಿಸಿದರು. ಆದರೂ ಗಣಿತದ ಅಧ್ಯಾಪಕರಿಗೆ “ನಾನು ಮಾಡಿಬಿಟ್ಟೆ” ಎಂಬ ಪತ್ರಗಳು ನಿಂತಿಲ್ಲ. ಪಾಪ, ಅವರು ಎರಡು ವಾಕ್ಯಗಳನ್ನು ಒಂದೇ ಎಂದುಕೊಂಡವರು: “ಇಲ್ಲಿಯವರೆಗೆ ಯಾರಿಗೂ ಆಗಿಲ್ಲ” ಮತ್ತು “ಆಗುವುದಿಲ್ಲ”.

1931ರಲ್ಲಿ ಗ್ಯೋಡೆಲ್ ಇನ್ನೂ ದೊಡ್ಡ ‘ಇಲ್ಲ’ ಹೇಳಿದರು. ಸಾಮಾನ್ಯ ಅಂಕಗಣಿತವನ್ನು ಒಳಗೊಂಡ, ವಿರೋಧಾಭಾಸವಿಲ್ಲದ ಯಾವುದೇ ನಿಯಮಗಳ ಪಟ್ಟಿ ಕೊಡಿ. ಆ ನಿಯಮಗಳಿಂದ ಸಾಧಿಸಲಾಗದ ನಿಜವೊಂದು ಉಳಿದೇ ಉಳಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ, “ನನ್ನನ್ನು ಈ ನಿಯಮಗಳಿಂದ ಸಾಧಿಸಲಾಗದು” ಎಂದು ತನ್ನ ಬಗ್ಗೆಯೇ ಹೇಳಿಕೊಳ್ಳುವ ವಾಕ್ಯವನ್ನು ಅವರು ಸಂಖ್ಯೆಗಳಲ್ಲಿ ಕಟ್ಟಿದರು. 1936ರಲ್ಲಿ ಟ್ಯೂರಿಂಗ್ ತೋರಿಸಿದ ಮಿತಿ ಕಂಪ್ಯೂಟರಿನದು: ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೆಯೋ ಇಲ್ಲವೋ ಎಂದು ತಪ್ಪದೆ ಹೇಳುವ ಪ್ರೋಗ್ರಾಂ ಇರಲಾರದು. ಇಬ್ಬರ ವಾದದ ಒಳಗೂ ಇಣುಕಿ ನೋಡಿದರೆ ಸಿಗುವವನು ಯಾರು ಗೊತ್ತೇ? ಅದೇ ತಡವಾಗಿ ಬಂದ ಕರ್ಣ.

ಇತಿಹಾಸದ ವಿದ್ಯಾರ್ಥಿಗೆ ನನ್ನ ಉತ್ತರ: ಕೋರ್ಸ್ ಬಿಡಬೇಡಿ. ನೀವು ಈಗಷ್ಟೇ ಕ್ಯಾಂಟರ್ ಅವರ ಸಾಧನೆಯನ್ನು ಪೂರ್ತಿಯಾಗಿ, ಯಾವ ಹೆಜ್ಜೆಯನ್ನೂ ಹಾರಿಸದೆ ನೋಡಿದಿರಿ. ಗಣಿತ ಬರುವುದಿಲ್ಲ ಎಂದವರು ನೀವೇ ಅಲ್ಲವೇ?

[ಪರದೆ: ಚದುರಂಗದ ಹಾಸು, ಎದುರುಬದುರಿನ ಎರಡು ಮೂಲೆಗಳು ಕತ್ತರಿಸಿ ಹೋಗಿವೆ]

ಹೋಗುವ ಮೊದಲು ಒಂದು ಕೆಲಸ ಕೊಡುತ್ತೇನೆ. ಚದುರಂಗದ ಹಾಸಿನಲ್ಲಿ 64 ಚೌಕಗಳು. ಎದುರುಬದುರಿನ ಎರಡು ಮೂಲೆಯ ಚೌಕಗಳನ್ನು ಕತ್ತರಿಸಿ ತೆಗೆದರೆ 62 ಉಳಿಯುತ್ತವೆ. ಒಂದೊಂದು ಬಿಲ್ಲೆ ಅಕ್ಕಪಕ್ಕದ ಎರಡು ಚೌಕಗಳನ್ನು ಮುಚ್ಚುತ್ತದೆ. ನಿಮ್ಮ ಬಳಿ 31 ಬಿಲ್ಲೆಗಳಿವೆ. ಇಡೀ ಹಾಸನ್ನು ಮುಚ್ಚಬಹುದೇ? “ರಾತ್ರಿಯೆಲ್ಲ ಕೂತು ನೋಡಿದೆ, ಆಗಲಿಲ್ಲ” ಎಂದರೆ ಅಂಕವಿಲ್ಲ. ಸುಳಿವು ಬೇಕಿದ್ದರೆ, ಕತ್ತರಿಸಿ ತೆಗೆದ ಆ ಎರಡು ಚೌಕಗಳ ಬಣ್ಣ ನೋಡಿ.