ಮೊದಲು ಧಣಿಯ ಕಾಗದ ಹಿಡೀರಿ

ಎಲ್ಲರಿಗೂ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಾಕ್ಕೊಂಡಿರೋರಲ್ಲಿ ಎಷ್ಟೋ ಜನರ ಮಗನೋ ಮಗಳೋ ಅಮೆರಿಕದಲ್ಲಿದಾರೆ ಅಂತ ನನಗೆ ಗೊತ್ತು. ನಿಮ್ಮ ಮೊಮ್ಮಕ್ಕಳಿಗೆ ಅಲ್ಲಿ ಸ್ಕೂಲಲ್ಲಿ ಫ್ಯಾಮಿಲಿ ಟ್ರೀ ಬರ್ಕೊಂಡು ಬಾ ಅಂತ ಕೊಡ್ತಾರೆ, ನಿಮಗೆ ಫೋನ್ ಬರುತ್ತೆ, ಮುತ್ತಜ್ಜನ ಹೆಸರೇನು ಅಂತ ಕೇಳ್ತಾರೆ, ನೀವು ಹೇಳ್ತೀರಿ, ಮುಗೀತು. ಪಕ್ಕದ ಬೆಂಚಿನ ಕಪ್ಪು ಹುಡುಗನಿಗೂ ಅದೇ ಹೋಮ್‌ವರ್ಕ್. ಅವನು ಯಾರಿಗೆ ಫೋನ್ ಮಾಡ್ಬೇಕು? ಅಲ್ಲಿನ ಒಂದು ಲೈಬ್ರರಿಯ ವಂಶಾವಳಿ ವಿಭಾಗದಲ್ಲಿ ಕೂತು ಇಂಥವರಿಗೆ ಸಹಾಯ ಮಾಡೋದು ನನ್ನ ಕೆಲಸ. ಬಂದವರಿಗೆಲ್ಲ ಒಂದೇ ಮಾತು ಹೇಳ್ತೀನಿ, ಗುಲಾಮರಾಗಿದ್ದ ಹಿರಿಯರು ಸಿಗಬೇಕಾ, ಮೊದಲು ಅವರ ಧಣಿಯ ಕಾಗದ ಹಿಡೀರಿ.

ಕೇಳೋಕೆ ಕಹಿ ಅನ್ಸುತ್ತೆ. ಕಾರಣ ಹೇಳ್ತೀನಿ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಹೋಗಿದ್ದು 1865ರಲ್ಲಿ, ಆಮೇಲೆ ಬಂದ ಮೊದಲ ಜನಗಣತಿ 1870ರದ್ದು. ಅದರಲ್ಲಿ ಬಿಡುಗಡೆಯಾದವರ ಹೆಸರು, ವಯಸ್ಸು, ಕೆಲಸ ಎಲ್ಲಾ ಇದೆ. ಹುಡುಕೋರು ಅಲ್ಲೀವರೆಗೂ ಖುಷಿಯಾಗಿ ಹೋಗ್ತಾರೆ, ಒಂದು ಹೆಜ್ಜೆ ಹಿಂದೆ 1860ಕ್ಕೆ ಹೋದ್ರೆ ಅಜ್ಜಿ ಮಾಯ. 1850ರಲ್ಲೂ 1860ರಲ್ಲೂ ಗುಲಾಮರಿಗೆ ಅಂತಲೇ ಬೇರೆ ಪಟ್ಟಿ ಮಾಡಿದ್ರು, ಅದರಲ್ಲಿ ಧಣಿಯ ಹೆಸರು ದುಂಡಗೆ ಬರೆದಿರುತ್ತೆ, ಅದರ ಕೆಳಗೆ ಸಾಲಿಗೊಬ್ಬರಂತೆ, 26 ವರ್ಷ, ಹೆಣ್ಣು, ಕಪ್ಪು, ಅದರ ಕೆಳಗೆ 4 ವರ್ಷ, ಗಂಡು, ಮಿಶ್ರ, ಅಂದ್ರೆ ಕಪ್ಪು ಬಿಳಿ ಎರಡೂ ರಕ್ತ ಸೇರಿದ್ದು. ಅಷ್ಟೇ, ಹೆಸರಿಗೆ ಜಾಗವೇ ಇಲ್ಲ. 1860ರಲ್ಲಿ ಸುಮಾರು 40 ಲಕ್ಷ ಜನ ಗುಲಾಮರು, ಆ ಪಟ್ಟಿಯಲ್ಲಿ ಹೆಚ್ಚುಕಡಿಮೆ ಒಬ್ಬರ ಹೆಸರೂ ಇಲ್ಲ.

ಆದ್ರೆ ಕಾನೂನಿನ ಪ್ರಕಾರ ಅವರು ಆಸ್ತಿ. ಆಸ್ತಿ ಅಂದ್ಮೇಲೆ ಮಾರೋವಾಗ, ಅಡ ಇಡೋವಾಗ, ಮಕ್ಕಳಿಗೆ ಭಾಗ ಮಾಡೋವಾಗ ಯಾರು ಯಾರ ಪಾಲಿಗೆ ಅಂತ ಹೆಸರು ಹಿಡಿದು ಬರೀಲೇಬೇಕಲ್ಲ! ನಮ್ಮ ಹಳೇ ಮನೆಗಳ ಪಾಲುಪಟ್ಟಿ ನೋಡಿದೀರಲ್ಲ, ತಾಮ್ರದ ಹಂಡೆ ಒಂದು, ಕೊಪ್ಪರಿಗೆ ಒಂದು, ಎತ್ತು ಎರಡು ಅಂತ ಇರುತ್ತೆ, ಅಲ್ಲೂ ಧಣಿ ಸತ್ತ ಮೇಲೆ ಕೋರ್ಟಿಗೆ ಕೊಡೋ ಪಟ್ಟಿ ಥೇಟ್ ಹಂಗೇ, ಹೇಸರಗತ್ತೆ ಇಷ್ಟು ಡಾಲರ್, ನೇಗಿಲು ಇಷ್ಟು, ಅದರ ಪಕ್ಕದ ಸಾಲಲ್ಲೇ ಒಬ್ಬ ಹೆಂಗಸಿನ ಹೆಸರು, ಅವಳ ಕಂಕುಳ ಕೂಸಿನ ಹೆಸರು, ಇಬ್ಬರ ರೇಟು.

ತೋಟದ ಲೆಕ್ಕದ ಪುಸ್ತಕ ಸಿಕ್ಕಿಬಿಟ್ರಂತೂ ಹಬ್ಬ. ದಿನಾ ಯಾರು ಎಷ್ಟು ಪೌಂಡ್ ಹತ್ತಿ ಬಿಡಿಸಿದ್ರು ಅಂತ ಹೆಸರಿನ ಸಮೇತ ಇರುತ್ತೆ. ನನಗೆ ಅದಕ್ಕಿಂತ ಇಷ್ಟ ಕಂಬಳಿ ಹಂಚಿದ ಪಟ್ಟಿ. ಯಾಕಂದ್ರೆ ಚಳಿಗಾಲಕ್ಕೆ ಕಂಬಳಿ, ಬೂಟು, ಬಟ್ಟೆ ಕೊಡೋವಾಗ ಸಂಸಾರ ಸಂಸಾರವಾಗಿ ಕೊಡ್ತಿದ್ರು, ತಾಯಿ ಹೆಸರು, ಅದರ ಹಿಂದೆ ಮಕ್ಕಳ ಹೆಸರು. ತಂದೆ ಹೆಸರು ಕಡಿಮೆ. ಗುಲಾಮಳ ಮಗು ಗುಲಾಮನೇ, ಅಪ್ಪ ಯಾರಾದ್ರೂ ಸರಿ ಅಂತ ವರ್ಜೀನಿಯಾದಲ್ಲಿ 1662ರಷ್ಟು ಹಿಂದೆಯೇ ಕಾನೂನು ಮಾಡಿದ್ರು, ಹಾಗಾಗಿ ಅಪ್ಪನ ಹೆಸರು ಬರೆದು ಧಣಿಗೆ ಆಗಬೇಕಾದ್ದೇನೂ ಇರ್ಲಿಲ್ಲ. ಅಪ್ಪ ಕೆಲವು ಸಲ ಧಣಿಯೇ ಆಗಿರ್ತಿದ್ದ, ಅದು ಇನ್ನೊಂದು.

ಈಗ ಒಂದು ಕಥೆ ಹೇಳ್ತೀನಿ, ಇದನ್ನ ಹೇಳದೆ ನನಗೆ ಸಮಾಧಾನ ಇಲ್ಲ. ಮಿಶೆಲ್ ಒಬಾಮಾ ಎಲ್ಲರಿಗೂ ಗೊತ್ತು. ಅವರ ತಾಯಿ ಮೇರಿಯನ್, ಮೇರಿಯನ್ ಅಪ್ಪ ಪರ್ನೆಲ್ ಶೀಲ್ಡ್ಸ್, ಅವನಪ್ಪ ರಾಬರ್ಟ್ ಲೀ, ಅವನಪ್ಪ ಡಾಲ್ಫಸ್. ಈ ಡಾಲ್ಫಸ್ ಅಲಬಾಮಾದ ಬರ್ಮಿಂಗ್‌ಹ್ಯಾಮಲ್ಲಿ ಬಡಗಿ ಕೆಲಸ ಮಾಡ್ಕೊಂಡು ಚೆನ್ನಾಗಿ ಬದುಕಿದವನು. ಅವನ ತಾಯಿ ಮೆಲ್ವೀನಿಯಾ. ಆಕೆ 1938ರಲ್ಲಿ ತೀರ್ಕೊಂಡ್ಳು. ಮರಣ ಪತ್ರದಲ್ಲಿ ತಂದೆತಾಯಿ ಹೆಸರು ಬರೀಬೇಕಾದ ಜಾಗದಲ್ಲಿ ಮನೆಯವರು ಬರೆಸಿದ್ದು 'ಗೊತ್ತಿಲ್ಲ' ಅಂತ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಫೈಲ್ ಮುಚ್ಚಿರೋರು. ಆದ್ರೆ ಮೇಗನ್ ಸ್ಮೊಲೆನ್ಯಾಕ್ ಅಂತ ವಂಶಾವಳಿ ತಜ್ಞೆ, 2009ರಲ್ಲಿ ಆಕೆ ಕೆಲಸ ಹೊರಗೆ ಬಂತು, ಆಕೆಗೆ ದಾರಿ ತೋರ್ಸಿದ್ದು ಏನು ಹೇಳಿ? ಧಣಿಯ ಕಾಗದ! ಸೌತ್ ಕ್ಯಾರೊಲಿನಾದ ಡೇವಿಡ್ ಪ್ಯಾಟರ್ಸನ್ ಅನ್ನೋ ಮುದುಕ 1850ರಲ್ಲಿ ಬರೆದ ವಿಲ್. ಅವನು 1852ರಲ್ಲಿ ಸತ್ತ, ಪಟ್ಟಿ ಆಯ್ತು, ಅದರಲ್ಲಿ ಮೆಲ್ವೀನಿಯಾ ಅನ್ನೋ ಪುಟ್ಟ ಹುಡುಗಿ, ಬೆಲೆ 475 ಡಾಲರ್. ಆ ಮಗುನ ತಾನು ಕಂಡ ಜನ, ಕಂಡ ಊರು ಬಿಡಿಸಿ ಜಾರ್ಜಿಯಾಕ್ಕೆ ಮಗಳು ಅಳಿಯನ ಹತ್ರ ಕಳಿಸಿದ್ರು, ಅಳಿಯ ಹೆನ್ರಿ ಶೀಲ್ಡ್ಸ್. ನೀವು ಮಗನ ಮನೆಗೆ ಅಂತ ಅಟ್ಲಾಂಟಾ ಏರ್‌ಪೋರ್ಟಲ್ಲಿ ಇಳೀತೀರಲ್ಲ, ಅದರ ಒಂದು ಭಾಗ ಇರೋದು ಕ್ಲೇಟನ್ ಕೌಂಟಿಯಲ್ಲಿ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ, ಅಲ್ಲೇ ಆ ಹೊಲ ಇದ್ದಿದ್ದು, ಅಲ್ಲಿ ರೆಕ್ಸ್ ಅನ್ನೋ ಊರಲ್ಲಿ 2012ರಲ್ಲಿ ಆಕೆಗೊಂದು ಸ್ಮಾರಕ ಕಲ್ಲು ನಿಲ್ಲಿಸಿದಾರೆ, ಮಾಲ್‌ಗೆ ಹೋಗೋ ಬದಲು ಒಂದ್ಸಲ ನೋಡ್ಕೊಂಡು ಬನ್ನಿ.

ಇನ್ನೂ ಇದೆ ಕೇಳಿ. 1870ರ ಜನಗಣತಿಯಲ್ಲಿ ಮೆಲ್ವೀನಿಯಾಗೆ ನಾಲ್ಕು ಮಕ್ಕಳು, ಮೂವರ ಮುಂದೆ 'ಮಿಶ್ರ' ಅಂತ ಬರೆದಿದೆ. ಪಕ್ಕದ ಜಮೀನು ಯಾರದ್ದು ಅಂದ್ರೆ ಹೆನ್ರಿಯ ಮಗ ಚಾರ್ಲ್ಸ್ ಶೀಲ್ಡ್ಸ್‌ದು. ನಾನು ಬಂದವರಿಗೆ ಬಾಯಿ ನೋಯೋವಷ್ಟು ಹೇಳೋದು ಇದನ್ನೇ, 1870ರಲ್ಲಿ ನಿಮ್ಮ ಅಜ್ಜಿ ಸಿಕ್ಕ ತಕ್ಷಣ ಪುಟ ಮುಚ್ಚಬೇಡಿ, ಅಕ್ಕಪಕ್ಕದ ಬಿಳಿ ಜಮೀನುದಾರರ ಹೆಸರು ಬರ್ಕೊಳಿ, ಬಿಡುಗಡೆ ಆದ್ರೂ ಕೈಯಲ್ಲಿ ಕಾಸಿಲ್ದೆ ಎಷ್ಟೋ ಜನ ಅದೇ ಸುತ್ತಮುತ್ತ ಉಳಿದಿದ್ರು. ಕೊನೆಗೆ ಎರಡೂ ಕಡೆಯ ವಂಶಸ್ಥರು ಡಿಎನ್‌ಎ ಟೆಸ್ಟ್ ಮಾಡಿಸಿದ ಮೇಲೆ, ಡಾಲ್ಫಸ್‌ನ ಅಪ್ಪ ಬಹುಶಃ ಇದೇ ಚಾರ್ಲ್ಸ್ ಅಂತ 2012ರಲ್ಲಿ ತಿಳೀತು. ಅಂದ್ರೆ ಅಮೆರಿಕದ ಮೊದಲ ಕಪ್ಪು ಪ್ರಥಮ ಮಹಿಳೆಯ ವಂಶದಲ್ಲಿ ಗುಲಾಮಳೂ ಇದಾಳೆ, ಧಣಿಯ ಮಗನೂ ಇದಾನೆ.

ಡಿಎನ್‌ಎ ಅಂದ ತಕ್ಷಣ ಎಲ್ಲರಿಗೂ ಅದೇ ಬೇಕು. ಟ್ಯೂಬಿಗೆ ಉಗುಳಿ ಪೋಸ್ಟ್ ಮಾಡ್ತಾರೆ, ನೈಜೀರಿಯಾ ಇಷ್ಟು ಪರ್ಸೆಂಟ್, ಘಾನಾ ಇಷ್ಟು ಪರ್ಸೆಂಟ್ ಅಂತ ಬಣ್ಣದ ಚಾರ್ಟ್ ಬರುತ್ತೆ, ಅದನ್ನ ಹಿಡ್ಕೊಂಡು ನನ್ನ ಟೇಬಲ್ ಹತ್ರ ಬಂದು 'ಈಗ ಅಜ್ಜಿ ಹೆಸರು ಹೇಳಿ' ಅಂತಾರೆ. ಅಲ್ಲಪ್ಪಾ, ಎಂಜಲಲ್ಲಿ ಹೆಸರು ಎಲ್ಲಿಂದ ಬರುತ್ತೆ? ಹೆಸರು ಕಾಗದದಲ್ಲಿದೆ, ಕಾಗದ ಧಣಿ ಮನೇಲಿದೆ.

ಅದಕ್ಕೇ ಧಣಿಗಳ ಮೊಮ್ಮಕ್ಕಳ ಕೆಲಸವೂ ಇದರಲ್ಲಿ ಇದೆ. ನಾಚಿಕೆಗೆ ಅಟ್ಟದ ಮೇಲಿನ ಪೆಟ್ಟಿಗೆ ತೆಗೆಯೋದೇ ಇಲ್ಲ ಕೆಲವರು, ಇನ್ನು ಕೆಲವರು ಸುಟ್ಟೇ ಹಾಕ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಆ ಪೆಟ್ಟಿಗೇಲಿ ಇರೋದು ಇನ್ನೊಬ್ಬರ ಮುತ್ತಜ್ಜಿ. ಒಂದು ಲೈಬ್ರರಿಗೆ ಕೊಡಿ, ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಇಂಥ ತೋಟದ ದಾಖಲೆಗಳನ್ನ ಜೋಪಾನವಾಗಿ ಇಟ್ಟಿದಾರೆ.

ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬಗ್ಗೆ ವಿವರವಾಗಿ ಹೇಳ್ಬೇಕು ಅಂತ ಬರ್ಕೊಂಡು ಬಂದಿದ್ದೆ, ಟೈಮ್ ಎಲ್ಲಾ ಮೆಲ್ವೀನಿಯಾಗೇ ಹೋಯ್ತು. ಚುಟುಕಾಗಿ, 1838ರಲ್ಲಿ ಆ ಕಾಲೇಜನ್ನ ನಡೆಸ್ತಿದ್ದ ಮೇರಿಲ್ಯಾಂಡಿನ ಜೆಸ್ಯೂಟ್ ಪಾದ್ರಿಗಳು 272 ಜನರನ್ನ 1,15,000 ಡಾಲರಿಗೆ ಲೂಸಿಯಾನಾದವರಿಗೆ ಮಾರಿದ್ರು, ಅದರಲ್ಲಿ ಒಂದಷ್ಟು ದುಡ್ಡು ಕಾಲೇಜಿನ ಸಾಲಕ್ಕೆ ಹೋಯ್ತು. ಆ ಮಾರಾಟದ ಪಟ್ಟಿ ಉಳಿದಿತ್ತು, ಚರ್ಚಿನ ಬ್ಯಾಪ್ಟಿಸಮ್ ಪುಸ್ತಕಗಳೂ ಉಳಿದಿದ್ವು, ಎರಡನ್ನೂ ಜೋಡಿಸಿ ಇವತ್ತಿನ ವಂಶಸ್ಥರನ್ನ ಹುಡುಕಿದ್ರು. ಪಟ್ಟಿಯ ಮೊದಲ ಹೆಸರು ಐಸಾಕ್ ಹಾಕಿನ್ಸ್, 2017ರಿಂದ ಅಲ್ಲಿನ ಒಂದು ಕಟ್ಟಡಕ್ಕೆ ಅವನ ಹೆಸರೇ.

ಧಣಿ ಯಾರು ಅಂತಲೇ ಗೊತ್ತಿಲ್ಲ, ಏನ್ ಮಾಡೋದು ಅಂತ ಕೇಳ್ತೀರಿ. ಫ್ರೀಡ್‌ಮನ್ಸ್ ಬ್ಯಾಂಕ್ ಅಂತ ಬಿಡುಗಡೆಯಾದವರಿಗಾಗಿ 1865ರಲ್ಲಿ ಶುರುವಾಗಿ 1874ರಲ್ಲಿ ಮುಳುಗಿದ ಬ್ಯಾಂಕ್, ಪಾಪ ಎಷ್ಟೋ ಜನರ ಉಳಿತಾಯ ನೀರಲ್ಲಿ ಹೋಯ್ತು, ಆದ್ರೆ ಅದರ ರಿಜಿಸ್ಟರ್ ಉಳೀತು. ಖಾತೆ ತೆರೆಯೋವಾಗ ಅಪ್ಪ ಅಮ್ಮ ಯಾರು, ಅಣ್ಣತಮ್ಮ ಎಲ್ಲಿ ಮಾರಾಟವಾಗಿ ಹೋದ್ರು ಅಂತ ಅವರೇ ಬಾಯಲ್ಲಿ ಹೇಳಿ ಬರೆಸಿರೋದು ಸಿಗುತ್ತೆ, ಎಷ್ಟೋ ಫಾರಂಗಳಲ್ಲಿ ಹಳೇ ಧಣಿಯ ಹೆಸರಿಗೂ ಒಂದು ಸಾಲಿದೆ. ಆ ಹೆಸರು ಸಿಕ್ತಾ, ನೇರ ಕೌಂಟಿ ಕೋರ್ಟಿಗೆ ಹೋಗಿ ವಿಲ್ ಪುಸ್ತಕ ತೆಗೆಸಿ. ಸರಿ, ಗ್ಲಾಸಿನಾಚೆಯಿಂದ ಕೈ ತೋರಿಸ್ತಿದಾರೆ, ನಿಲ್ಲಿಸ್ತೀನಿ. ನಮಸ್ಕಾರ.