ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು

ಕೇಳುಗರಿಗೆ ನಮಸ್ಕಾರ. ವಾರವೆಲ್ಲ ಆಫೀಸಿಗೆ ಓಡಿಸುವ ಕಾರನ್ನೇ ರಜೆಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಒಯ್ಯುವವರು ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಬಹಳ ಜನರ ದೂರು ಒಂದೇ. ಮುಂದಿನ ಟೈರಿನ ಹೊರ ಅಂಚು ಬೇಗ ಸವೆಯುತ್ತದೆ. ಅದಕ್ಕೇ ಇವತ್ತಿನ ಮಾತು ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಹೊಂದಿಸುವುದರ ಬಗ್ಗೆ.

ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತದೆ. ಹೊರಗಡೆಯ ಚಕ್ರವೂ ಜೊತೆಗೇ ವಾಲಿ, ಭಾರವೆಲ್ಲ ಟೈರಿನ ಅಂಚಿಗೆ ಬೀಳುತ್ತದೆ. ಅದಕ್ಕೇ ಚಕ್ರದ ಮೇಲ್ಭಾಗವನ್ನು ಮೊದಲೇ ಸ್ವಲ್ಪ ಒಳಕ್ಕೆ ಬಾಗಿಸಿಡಬೇಕು. ಇದು ನೆಗೆಟಿವ್ ಕ್ಯಾಂಬರ್. ಟ್ರ್ಯಾಕಿಗಷ್ಟೇ ಇರುವ ಕಾರಿಗೆ 3 ಡಿಗ್ರಿವರೆಗೂ ಕೊಡುವುದುಂಟು. ಎರಡೂ ಕಡೆ ಓಡಬೇಕಾದರೆ ಒಂದೂವರೆಯಿಂದ 2 ಡಿಗ್ರಿ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಅಷ್ಟು ಕೊಟ್ಟರೆ ಟೈರಿನ ಒಳ ಅಂಚು ಸವೆದುಹೋಗುತ್ತೆ ಅಂತ ಹೆದರುತ್ತಾರೆ, ಅಲ್ವಾ? ಟೈರನ್ನು ನಿಜವಾಗಿ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು. ಎರಡು ಚಕ್ರಗಳ ಮುಖ ನೇರವಾಗಿಲ್ಲದಿದ್ದರೆ ಟೈರು ಪ್ರತಿ ಕಿಲೋಮೀಟರಿಗೂ ಅಡ್ಡಡ್ಡ ಉಜ್ಜಿಕೊಂಡೇ ಹೋಗುತ್ತದೆ. ಟ್ರ್ಯಾಕಿನವರು ಮುಂದಿನ ಚಕ್ರಗಳಿಗೆ ಒಂಚೂರು ಟೋ-ಔಟ್, ಅಂದರೆ ಹೊರಮುಖ, ಇಡುತ್ತಾರೆ, ಕಾರು ಚುರುಕಾಗಿ ತಿರುಗಲಿ ಅಂತ. ಅದೇ ಕಾರು ಹೆದ್ದಾರಿಯಲ್ಲಿ ಅತ್ತಿತ್ತ ಎಳೆಯುತ್ತದೆ. ದಿನಾ ಓಡಿಸುವವರು ಮುಂದಿನ ಟೋ ಸೊನ್ನೆಗೆ ಇಡಿ.

ಸ್ವಿಫ್ಟ್ ತರಹದ ಕಾರುಗಳಲ್ಲಿ ಅಲೈನ್‌ಮೆಂಟ್ ಅಂಗಡಿಯವರು ಸಾಮಾನ್ಯವಾಗಿ ತಿದ್ದುವುದು ಮುಂದಿನ ಟೋ ಮಾತ್ರ. ಕ್ಯಾಂಬರ್ ಬೇಕೆಂದರೆ ಸ್ಟ್ರಟ್ಟಿನ, ಅಂದರೆ ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಂಬದ, ಕೆಳಗಿನ ಎರಡು ಬೋಲ್ಟುಗಳಲ್ಲಿ ಒಂದನ್ನು ತೆಗೆದು, ಕೋನ ಬದಲಿಸಬಲ್ಲ ಕ್ಯಾಂಬರ್ ಬೋಲ್ಟ್ ಹಾಕಿಸಬೇಕು. ಅದರಿಂದ ಒಂದು ಡಿಗ್ರಿಗೂ ಸ್ವಲ್ಪ ಜಾಸ್ತಿ ಸಿಗುತ್ತದೆ. ಆದರೆ ಕ್ಯಾಂಬರ್ ಕದಲಿದರೆ ಟೋ ತಾನಾಗೇ ಬದಲಾಗುತ್ತದೆ. ಹಾಗಾಗಿ ಟೋ ತಿದ್ದುವುದು ಯಾವಾಗಲೂ ಕೊನೆಗೆ.

ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲೆ ಎಲ್ಲ ಹಸಿರು ಬಂತು ಅಂದರೆ ಸುಮ್ನೆ ಒಪ್ಪಬೇಡಿ. ಕಂಪನಿ ಕೊಟ್ಟ ಮಿತಿಯೊಳಗಿದೆ ಅಂತ ಅಷ್ಟೇ ಅದರರ್ಥ, ಆ ಮಿತಿ ಅಗಲವಾಗಿರುತ್ತದೆ. ಅಂಕಿಗಳ ಪ್ರಿಂಟ್ ಕೇಳಿ, ಎಡ ಬಲ ಹೋಲಿಸಿ. ಅಳೆಯುವ ಮೊದಲು ಟೈರಿನ ಗಾಳಿ ಸರಿಯಾಗಿರಲಿ, ಚಾಲಕನ ಸೀಟಿನಲ್ಲಿ ನಿಮ್ಮಷ್ಟು ತೂಕ ಇರಲಿ.

ಟ್ರ್ಯಾಕಿನಿಂದ ಹೊರಬಂದ ತಕ್ಷಣ ಟೈರಿನ ಶಾಖವನ್ನು ಒಳಗೆ, ನಡುವೆ, ಹೊರಗೆ ಅಳೆಯಿರಿ. ಹೊರಗೆ ಜಾಸ್ತಿ ಬಿಸಿಯಿದ್ದರೆ ಕ್ಯಾಂಬರ್ ಸಾಲದು. ಒಳಗೆ ಸ್ವಲ್ಪ ಜಾಸ್ತಿಯಿದ್ದರೆ ಚೆನ್ನಾಗಿದೆ, ಹಾಗೇ ಬಿಡಿ. ಊರಿಗೆ ಬಂದ ಮೇಲೆ ಆ ಕ್ಯಾಂಬರ್ ಬೋಲ್ಟಿನ ಬಿಗಿಯನ್ನು ಟಾರ್ಕ್ ವ್ರೆಂಚ್, ಅಂದರೆ ಬಿಗಿ ಅಳೆಯುವ ಸ್ಪ್ಯಾನರ್, ಹಾಕಿ ನೋಡಿಸಿ. ನಮ್ಮ ರಸ್ತೆಯ ಒಂದು ದೊಡ್ಡ ಗುಂಡಿಗೆ ಬಿದ್ದರೂ ಅದು ಜಾರಬಹುದು. ಜಾರಿದರೆ ಟೋ ಕೂಡ ಕೆಟ್ಟಿರುತ್ತದೆ, ಮತ್ತೆ ಅಳೆಸಲೇಬೇಕು.