ಶ್ರೀರಂಗಪಟ್ಟಣದ ದಂಡಿನ ಗೋರಿಗಳು

ಕೇಳುಗರಿಗೆ ನಮಸ್ಕಾರ.

ಶ್ರೀರಂಗಪಟ್ಟಣಕ್ಕೆ ಬಂದವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ ನೋಡಿ, ಹೈದರ್, ಟಿಪ್ಪು ಸಮಾಧಿಯ ಗುಂಬಜ್ ಸುತ್ತಿ, ಸಂಗಮದಲ್ಲಿ ಕಾಲು ನೆನೆಸಿಕೊಂಡು ಹೊರಡುತ್ತಾರೆ. ಮೈಸೂರು ಹೆದ್ದಾರಿಗೆ ಕೂಗಳತೆಯಲ್ಲಿ, ಕಾವೇರಿ ದಂಡೆಯಲ್ಲೇ ಇರುವ ಗ್ಯಾರಿಸನ್ ಸ್ಮಶಾನದ, ಅಂದರೆ ದಂಡಿನವರ ಸ್ಮಶಾನದ ಕಡೆ ತಲೆ ಹಾಕುವವರು ಕಡಿಮೆ. ನೋಡಲು ಹೋಗುವ ಜಾಗವೇ ಅದು ಎಂಬ ಅಳುಕೂ ಇದ್ದೀತು ಬಿಡಿ.

ಒಳಗೆ ಮುನ್ನೂರಕ್ಕೂ ಹೆಚ್ಚು ಗೋರಿಗಳಿವೆ. ಇಟ್ಟಿಗೆ ಕಟ್ಟಿ ಗಾರೆ ಬಳಿದವು; ಕೆಲವು ಚಪ್ಪಟೆ, ಕೆಲವು ಆಳೆತ್ತರ ಮೀರಿದ ಚೂಪು ಕಂಬಗಳು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಲ್ಲಿ ಬೀಡುಬಿಟ್ಟ ಬ್ರಿಟಿಷ್ ದಂಡಿಗೆ ಸೇರಿದವು ಇವು. ಹಾಗೆಂದು ಮಲಗಿರುವವರೆಲ್ಲ ಇಂಗ್ಲಿಷರಲ್ಲ. ಡಿ ಮ್ಯೂರನ್ ಎಂಬ ಸ್ವಿಸ್ ಪಡೆಯವರೂ ಇದ್ದಾರೆ. 1781ರಲ್ಲಿ ಡಚ್ಚರ ಕಂಪನಿಗೆಂದು ಕಟ್ಟಿದ ಬಾಡಿಗೆ ಪಡೆ ಅದು. ಸಿಂಹಳದಲ್ಲಿದ್ದಾಗ, 1795ರಲ್ಲಿ, ಬ್ರಿಟಿಷರ ಸಂಬಳಕ್ಕೆ ಬಂತು. ನಾಲ್ಕು ವರ್ಷಕ್ಕೆ ಪಟ್ಟಣದ ಮುತ್ತಿಗೆಯಲ್ಲಿತ್ತು. ಟಿಪ್ಪುವಿನ ಮೇಲೆ ಅವರಿಗೇನು ಹಗೆ? ಮುಂದೆ ಇದೇ ಪಡೆ ಕೆನಡಾ ತನಕ ಹೋಗಿ, 1816ರಲ್ಲಿ ಅಲ್ಲಿ ಬರಖಾಸ್ತಾಯಿತು. ಕೆಲವರು ಅಲ್ಲೇ ನೆಲೆನಿಂತರು. ಎರಡು ಶತಮಾನ ಕಳೆದ ಮೇಲೆ ಡಿ ಮ್ಯೂರನ್ ವಂಶದವರ ನೆರವಿನಿಂದಲೇ ಈ ಪಾಳು ಸ್ಮಶಾನದ ದುರಸ್ತಿ ನಡೆಯಿತು.

ಯುದ್ಧದ ಇನ್ನೊಂದು ಗುರುತು ಗುಂಬಜ್ ಹತ್ತಿರ ಇದೆ. 1780ರ ಪೊಲ್ಲಿಲೂರು ಕಾಳಗದಲ್ಲಿ ಸೋತು ಸೆರೆಸಿಕ್ಕ ಬ್ರಿಟಿಷ್ ದಂಡಿನ ಕರ್ನಲ್ ಬೇಲಿ, 1782ರಲ್ಲಿ ಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಅವನನ್ನು ಸೋಲಿಸಿದ ಹೈದರಾಲಿಯೂ ಅದೇ ವರ್ಷ ಕಣ್ಮುಚ್ಚಿದ. 1816ರಲ್ಲಿ ಸೋದರಳಿಯ ಬೇಲಿಗೆ ಸ್ಮಾರಕ ಕಟ್ಟಿಸಿದ್ದು ಹೈದರನ ಸಮಾಧಿಗೆ ಅನತಿ ದೂರದಲ್ಲೇ.

ಆದರೆ ಗ್ಯಾರಿಸನ್ ಸ್ಮಶಾನವನ್ನು ಬರೀ ಯುದ್ಧದ ಸ್ಮಶಾನ ಎಂದುಕೊಂಡು ಹೋದರೆ ಲೆಕ್ಕ ತಪ್ಪುತ್ತದೆ. ಅಲ್ಲಿನ ಗೋರಿಗಳಲ್ಲಿ ಹೆಂಗಸರು ಮತ್ತು ಮಕ್ಕಳವೂ ಬಹಳ ಇವೆ. ಕೋಟೆ ಹತ್ತಲು ಏಣಿ ಹಾಕಿದವರಲ್ಲ ಇವರು. ಗೆದ್ದ ಮೇಲೆ ಸಂಸಾರ ಹೂಡಲು ಬಂದವರು. ಗಾರೆ ಉದುರಿ ಇಟ್ಟಿಗೆ ಕಾಣುವ ಒಂದೊಂದು ಪುಟ್ಟ ಗೋರಿಯ ಮುಂದೆ ನಿಂತರೆ, ಮುತ್ತಿಗೆಯ ಕಥೆಯಲ್ಲಿ ಇವರಿಗೆ ಒಂದು ಸಾಲೂ ಇಲ್ಲವಲ್ಲ ಅನ್ನಿಸುತ್ತದೆ.

ಈ ದ್ವೀಪಕ್ಕೆ ಜ್ವರದ ಕೆಟ್ಟ ಹೆಸರಿತ್ತು. ಸುತ್ತ ಕಾವೇರಿ, ಒಳಗೆ ಬಂಗಾರದೊಡ್ಡಿ ನಾಲೆ, ನಾಲೆ ಹರಿದಲ್ಲೆಲ್ಲ ನೀರು ನಿಂತ ಭತ್ತದ ಗದ್ದೆ. ಬೆಳೆಗೆ ಚಿನ್ನದಂಥ ನೆಲ; ಸೊಳ್ಳೆಗೂ ಅಷ್ಟೇ. ಚಳಿಜ್ವರ, ಅಂದರೆ ಮಲೇರಿಯಾ, ಹೊತ್ತು ತರುವುದು ಸೊಳ್ಳೆ ಎಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ. ಅಲ್ಲಿಯವರೆಗೆ ದಂಡಿನ ವೈದ್ಯರು ಕೆಟ್ಟ ಗಾಳಿಯನ್ನೇ ಬೈಯುತ್ತಿದ್ದರು.

ಕೊನೆಗೆ ದಂಡೇ ಜಾಗ ಖಾಲಿ ಮಾಡಿತು. 1809ರಲ್ಲಿ ಬೆಂಗಳೂರಿನ ತಂಪು ಹವೆಗೆ ಬಿಡಾರ ಎತ್ತಿದರು. ಇವತ್ತಿನ ಅಲಸೂರು, ಶಿವಾಜಿನಗರದ ಕಡೆಯ ದಂಡು ಪ್ರದೇಶ ಬೆಳೆದದ್ದು ಹಾಗೆ. ಅದಕ್ಕೆ ಪಟ್ಟಣದ ಜ್ವರದ ಋಣವೂ ಇದೆ ಎಂಬುದು ಬೆಂಗಳೂರಿಗರಿಗೆ ನೆನಪಿದೆಯೋ ಇಲ್ಲವೋ. ಗದ್ದೆ ನಂಬಿದ ಊರಿನವರು ಎಲ್ಲಿಗೆ ಹೋದಾರು? ಅದೇ ಗದ್ದೆ, ಅದೇ ಜ್ವರ ಎಂದುಕೊಂಡು ಇಲ್ಲೇ ಉಳಿದರು.

ಇವತ್ತಿಗೆ ಇಷ್ಟು. ನಮಸ್ಕಾರ.